ಕೆರೆಯ ಈಜು, ಕಡಲ ಮುಳುಗು, ನಡುವೆ ಒಂದು ಘಟ್ಟ

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯವರಿಗೆ ನೀರು ಹೊಸದಲ್ಲ. ಏಷ್ಯಾ ಖಂಡದ ಎರಡನೆಯ ದೊಡ್ಡ ಕೆರೆಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸೂಳೆಕೆರೆ, ಅಂದರೆ ಶಾಂತಿಸಾಗರ, ಚನ್ನಗಿರಿ ತಾಲ್ಲೂಕಿನಲ್ಲಿದೆ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಭದ್ರಾ ನಾಲೆಗಳಲ್ಲಿ ಈಜು ಕಲಿತವರು ಈ ಪತ್ರಿಕೆಯ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ. ಜಗಳೂರಿನ ಮಾತು ಮಾತ್ರ ಬೇರೆ. ಅಲ್ಲಿನ 57 ಕೆರೆಗಳಿಗೆ ನೀರು ತುಂಬಿಸಬೇಕೆಂದು ಜನ ಎಷ್ಟು ವರ್ಷ ಹೋರಾಡಿದರೆಂಬುದು ಎಲ್ಲರಿಗೂ ತಿಳಿದದ್ದೇ. ಆ ತಾಲ್ಲೂಕಿನ ಅನೇಕ ಮಕ್ಕಳು ಆಳವಾದ ನೀರನ್ನು ಮೊದಲು ಕಾಣುವುದೇ ದಾವಣಗೆರೆಯ ಅಥವಾ ಬೆಂಗಳೂರಿನ ಈಜುಕೊಳದಲ್ಲಿ.

ಇಂತಹ ಮನೆತನಗಳ ಮಕ್ಕಳು ಈಗ ಕಡಲ ತಳವನ್ನು ಕಾಣಲು ಹೊರಟಿದ್ದಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಿಯಲ್ಲಿ ರೆಗ್ಯುಲೇಟರ್ ಕಚ್ಚಿಕೊಂಡು, ನೀರೊಳಗೇ ಉಸಿರಾಡುತ್ತ ಸಂಚರಿಸುವ ವಿದ್ಯೆಗೆ ಸ್ಕೂಬಾ ಎಂದು ಹೆಸರು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು ರೂಪಿಸಿದ ಉಪಕರಣದಿಂದ ಇದು ಸಾಮಾನ್ಯರ ಕೈಗೆಟುಕುವಂತಾಯಿತು. ಬೆಂಗಳೂರಿನಲ್ಲಿ ಓದುವ ಮಕ್ಕಳು ಪಾಠವನ್ನೂ ಈಜುಕೊಳದ ಅಭ್ಯಾಸವನ್ನೂ ಅಲ್ಲಿಯೇ ಮುಗಿಸುತ್ತಾರೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ನಮ್ಮವರ ಮಕ್ಕಳೂ ಹಾಗೆಯೇ. ಅಲ್ಲಿನ ಕೆರೆ ಕಡಲುಗಳ ನೀರು ಚಳಿಗಾಲದಲ್ಲಿ ಮೈ ಕೊರೆಯುವುದರಿಂದ, ಕೊಳದ ಭಾಗವನ್ನು ಅಲ್ಲಿ ಮುಗಿಸಿ, ಕಡಲ ಭಾಗವನ್ನು ಅಜ್ಜ ಅಜ್ಜಿಯರ ಊರಿಗೆ ಬಂದಾಗ ಬೆಚ್ಚನೆಯ ನೀರಿನಲ್ಲಿ ಮಾಡೋಣವೆಂದು ಉಳಿಸಿಕೊಂಡು ಬರುತ್ತಾರೆ. ಹಾಗೆ ಬಂದ ಮೊಮ್ಮಗನ ಕಾಗದಪತ್ರವನ್ನು ಹಿಡಿದು, "ಬುದ್ಧೀ, ಇದನ್ನು ಮಾಡಿಸಬಹುದೇ?" ಎಂದು ಗೃಹಸ್ಥರೊಬ್ಬರು ಕೇಳಿದ್ದರಿಂದ ಈ ವಿಷಯವನ್ನು ತಿಳಿದು ಬರೆಯಬೇಕಾಯಿತು.

ಮಾಡಿಸಬಹುದು. ದೂರವೂ ಹೋಗಬೇಕಿಲ್ಲ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಕಡಲಿನಲ್ಲಿ ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿ ಎಂಬ ದ್ವೀಪವಿದೆ. ಪಾರಿವಾಳಗಳ ದ್ವೀಪವೆಂದೂ ಇದನ್ನು ಕರೆಯುವುದುಂಟು. ಅದರ ಸುತ್ತಲಿನ ಬಂಡೆಗಳಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಇವೆ. ನೀರು ವರ್ಷದ ಬಹುಭಾಗ 27ರಿಂದ 30 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿರುತ್ತದೆ. ಚಳಿಗೆ ನಡುಗುವ ಮಗು ಕಲಿತದ್ದನ್ನು ಮರೆಯುತ್ತದೆ, ಗಾಳಿಯನ್ನೂ ಬೇಗ ಖರ್ಚು ಮಾಡುತ್ತದೆ. ಬೆಚ್ಚನೆಯ ನೀರಿಗೆ ಈ ಕಾರಣದಿಂದ ಬೆಲೆ.

ಆದರೆ ಪ್ರಮಾಣಪತ್ರವೆಂದರೇನು ಎಂಬುದನ್ನು ಹಿರಿಯರು ಮೊದಲು ಸ್ಪಷ್ಟಮಾಡಿಕೊಳ್ಳಬೇಕು. ಪ್ರವಾಸಿಗಳನ್ನು ತರಬೇತುದಾರನೇ ಹಿಡಿದುಕೊಂಡು ಒಮ್ಮೆ ಮುಳುಗಿಸಿ, ಚಿತ್ರ ತೆಗೆದು, ಒಂದು ಕಾಗದವನ್ನೂ ಕೈಗಿಡುವ ಪದ್ಧತಿಯುಂಟು. ಅದು ನೆನಪಿನ ಕಾಗದ, ಅರ್ಹತೆಯ ಪತ್ರವಲ್ಲ. ಪ್ಯಾಡಿ ಮೊದಲಾದ ಅಂತರರಾಷ್ಟ್ರೀಯ ಸಂಸ್ಥೆಗಳ 'ಓಪನ್ ವಾಟರ್' ಪ್ರಮಾಣಪತ್ರಕ್ಕೆ ಪಾಠ ಮತ್ತು ಪರೀಕ್ಷೆ, ಕೊಳದಲ್ಲಿ ಕೌಶಲಗಳ ಅಭ್ಯಾಸ, ತೆರೆದ ನೀರಿನಲ್ಲಿ ನಾಲ್ಕು ಮುಳುಗುಗಳು, ಈ ಮೂರೂ ಆಗಬೇಕು. 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ಮೊದಲೆರಡು ಭಾಗ ಒಂದೆಡೆ, ನಾಲ್ಕು ಮುಳುಗು ಇನ್ನೊಂದೆಡೆ ಎಂದಾದರೆ ಮೊದಲಿನ ತರಬೇತುದಾರ 'ರೆಫರಲ್' ಎಂಬ ಪತ್ರ ಕೊಡುತ್ತಾನೆ. ಕೊನೆಯ ಭಾಗ ಮುಗಿದ ದಿನದಿಂದ 12 ತಿಂಗಳು ಅದಕ್ಕೆ ಮಾನ್ಯತೆ. ಆ ಪತ್ರವನ್ನು ಮರೆತು ಬಂದರೆ ಕೊಳದ ಪಾಠ ಮತ್ತೆ ಮೊದಲಿನಿಂದ ಆಗಬೇಕಾದೀತು.

ವಯಸ್ಸಿನ ಲೆಕ್ಕವೂ ಇದೆ. 10 ವರ್ಷ ತುಂಬಿದ ಮಗು ಕಲಿಯಬಹುದು. 14ರವರೆಗೆ ಸಿಗುವುದು ಕಿರಿಯರ ಪತ್ರ. 12ರಿಂದ 14ರ ಮಕ್ಕಳು ಪ್ರಮಾಣಪತ್ರವುಳ್ಳ ವಯಸ್ಕರೊಡನೆ ಮಾತ್ರ, 18 ಮೀಟರ್ ಆಳದವರೆಗೆ ಇಳಿಯಬಹುದು. 10, 11ರವರಿಗೆ 12 ಮೀಟರೇ ಮಿತಿ. 15 ತುಂಬಿದವರಿಗೆ ಪೂರ್ಣ ಪತ್ರ ದೊರೆಯುತ್ತದೆ.

ಈಗ ಮುಖ್ಯವಾದ ಮಾತಿಗೆ ಬರೋಣ. "ನಮ್ಮ ಹುಡುಗ ಸೂಳೆಕೆರೆಯಲ್ಲಿ ಮೀನಿನಂತೆ ಈಜುತ್ತಾನೆ, ಅವನಿಗೇನು ಭಯ" ಎಂದು ಹೇಳುವವರಿದ್ದಾರೆ. ಈಜು ಬರುವುದು ಒಳ್ಳೆಯದೇ. ಆದರೆ ಕೆರೆಯಲ್ಲಿ ಮುಳುಗುವ ಹುಡುಗ ದಡದ ಮೇಲೆ ಎದೆ ತುಂಬ ಉಸಿರು ತೆಗೆದುಕೊಂಡು, ಅದನ್ನು ಬಿಗಿಹಿಡಿದು ಒಳಹೋಗಿ, ಅದೇ ಉಸಿರಿನಲ್ಲಿ ಮೇಲೇಳುತ್ತಾನೆ. ಅವನ ಪುಪ್ಪುಸದಲ್ಲಿರುವುದು ದಡದ ಗಾಳಿ. ಒಳಗೆ ಹೋದಂತೆ ಅದು ಕುಗ್ಗುತ್ತದೆ, ಮೇಲೆ ಬಂದಂತೆ ಮೊದಲಿನಷ್ಟೇ ಆಗುತ್ತದೆ, ಅಪಾಯವಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 10 ಮೀಟರ್ ಆಳದಲ್ಲಿ ಮಗು ಸೇದುವ ಗಾಳಿ ದಡದ ಗಾಳಿಗಿಂತ ಎರಡುಪಟ್ಟು ಒತ್ತಾಗಿರುತ್ತದೆ. ಅಲ್ಲಿ ಎದೆ ತುಂಬಿಕೊಂಡು, ಹೆದರಿ, ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಆ ಗಾಳಿ ಎರಡರಷ್ಟು ಹಿಗ್ಗಿ ಪುಪ್ಪುಸವನ್ನೇ ಹರಿಯಬಲ್ಲದು. ಕೆರೆಯಲ್ಲಿ ಜಾಣತನವಾಗಿದ್ದ ಅಭ್ಯಾಸವೇ ಕಡಲಿನಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಆದ್ದರಿಂದಲೇ ಈ ವಿದ್ಯೆಯ ಮೊದಲ ನಿಯಮ: ಉಸಿರನ್ನು ಎಂದೂ ಹಿಡಿಯಬಾರದು, ನಿಧಾನವಾಗಿ ಆಡುತ್ತಲೇ ಇರಬೇಕು. ಕೆರೆಯಲ್ಲಿ ಪಳಗಿದ ಹುಡುಗನಿಗೆ ಕೊಳದಲ್ಲಿ ಇದನ್ನೇ ಹತ್ತಾರು ಸಲ ಮಾಡಿಸಿ, ಹಳೆಯ ರೂಢಿಯನ್ನು ಬಿಡಿಸಬೇಕು. ಇದರಲ್ಲಿ ಜಗಳೂರಿನ ಮಗುವಿಗೇ ಅನುಕೂಲ ಹೆಚ್ಚೆಂದು ನನಗೆ ತೋರುತ್ತದೆ. ಬಿಡಿಸಬೇಕಾದ ರೂಢಿ ಅದಕ್ಕೆ ಇಲ್ಲವಲ್ಲ!

ಎರಡನೆಯದು ಘಟ್ಟ. ಇದನ್ನು ಯಾರೂ ಯೋಚಿಸುವುದಿಲ್ಲ. ಒತ್ತಡದ ಗಾಳಿಯನ್ನು ಸೇದುವಾಗ ಅದರಲ್ಲಿರುವ ಸಾರಜನಕ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಮೇಲೆ ಬಂದ ಬಳಿಕ ಅದು ಮೆಲ್ಲಮೆಲ್ಲನೆ ಹೊರಹೋಗಬೇಕು. ಆತುರದಿಂದ ಒತ್ತಡ ಇಳಿಸಿದರೆ, ಸೋಡಾ ಶೀಷೆಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ, ದೇಹದೊಳಗೇ ಗುಳ್ಳೆಗಳು ಏಳುತ್ತವೆ. ಕೀಲುನೋವು, ಜೋಮು, ತಲೆಸುತ್ತು, ಕೆಲವೊಮ್ಮೆ ಪಾರ್ಶ್ವದೌರ್ಬಲ್ಯ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಡಿಕಂಪ್ರೆಷನ್ ಕಾಯಿಲೆಯೆಂದು ಹೆಸರು. ವಿಮಾನವೇರಿದರೆ ಈ ಅಪಾಯ ಹೆಚ್ಚುವುದರಿಂದ, ಒಂದೇ ಸಲ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬ ಮಾರ್ಗಸೂಚಿಯಿದೆ. ಆಕಾಶಕ್ಕೆ ಏರಿದರೂ ಬೆಟ್ಟಕ್ಕೆ ಏರಿದರೂ ದೇಹಕ್ಕೆ ಒಂದೇ, ಸುತ್ತಲಿನ ಗಾಳಿಯ ಒತ್ತಡ ಇಳಿಯುತ್ತದೆ. ಮುರುಡೇಶ್ವರ ಕಡಲ ಮಟ್ಟದಲ್ಲಿದೆ. ನಮ್ಮ ನಾಲ್ಕೂ ತಾಲ್ಲೂಕುಗಳು ಸರಿಸುಮಾರು 500ರಿಂದ 700 ಮೀಟರ್ ಎತ್ತರದಲ್ಲಿವೆ. ಮಧ್ಯಾಹ್ನ ಕಡಲಿನಿಂದ ಎದ್ದು, ಸಂಜೆಯೇ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ, ಸಾಗರ, ಶಿವಮೊಗ್ಗಗಳ ಮೇಲೆ ರಾತ್ರಿ ಊಟಕ್ಕೆ ಮನೆ ಸೇರೋಣವೆಂಬುದು ನಮ್ಮವರ ಸಹಜ ಲೆಕ್ಕ. ಆ ಲೆಕ್ಕ ತಪ್ಪು. ಈ ಎತ್ತರ ವಿಮಾನದೊಳಗಿನ ಎತ್ತರಕ್ಕಿಂತ ಕಡಿಮೆಯೆಂಬುದು ನಿಜ. ಆದರೆ ಬೆಳೆಯುವ ಮಗುವಿನ ವಿಷಯದಲ್ಲಿ ಅದೇ 18 ಗಂಟೆಯ ನಿಯಮವನ್ನು ಪಾಲಿಸುವುದೇ ಕ್ಷೇಮ.

ಹೀಗಾಗಿ ಯಾತ್ರೆಯನ್ನು ತಿರುವುಮುರುವಾಗಿ ಯೋಜಿಸಬೇಕು. ಜೋಗ ನೋಡುವ ಆಸೆಯಿದ್ದರೆ ಇಳಿಯುವಾಗಲೇ ನೋಡಿಬಿಡಿ, ಹತ್ತುವಾಗ ನೋಡೋಣವೆಂದು ಇಟ್ಟುಕೊಳ್ಳಬೇಡಿ. ಮೊದಲ ದಿನ ಪ್ರಯಾಣ, ವಿಶ್ರಾಂತಿ, ರಾತ್ರಿ ಒಳ್ಳೆಯ ನಿದ್ರೆ. ಎರಡನೆಯ ಮತ್ತು ಮೂರನೆಯ ದಿನ ತಲಾ ಎರಡು ಮುಳುಗು. ನಾಲ್ಕೂ ಒಂದೇ ದಿನದಲ್ಲಿ ಮುಗಿಸುವೆನೆನ್ನುವವನನ್ನು ನಂಬಬೇಡಿ, ನಿಯಮವೇ ಅದಕ್ಕೆ ಅವಕಾಶ ಕೊಡುವುದಿಲ್ಲ. ನಾಲ್ಕನೆಯ ದಿನವನ್ನು ಬಿಡುವಾಗಿಡಿ. ಕಡಲು ಒಲಿಯದಿದ್ದರೆ ಆ ದಿನ ಮುಳುಗಿಗಾಯಿತು, ಒಲಿದಿದ್ದರೆ ಮುರುಡೇಶ್ವರನ ದರ್ಶನ, ಇಡಗುಂಜಿ, ಗೋಕರ್ಣ, ಎಲ್ಲವೂ ಕರಾವಳಿಯ ಮಟ್ಟದಲ್ಲೇ ಇವೆ. ಘಟ್ಟ ಹತ್ತುವುದು ಐದನೆಯ ದಿನ. ಹಣ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಆಗಲಿ. ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೋಗುವವರಿಗೆ ನೀರು ಇನ್ನೂ ತಿಳಿಯಾಗಿ ಸಿಗುತ್ತದೆ. ಆದರೆ ವಿಮಾನವೇ ದಾರಿಯಾದ್ದರಿಂದ 18 ಗಂಟೆಯ ಮಾತನ್ನು ಟಿಕೆಟ್ ಕೊಳ್ಳುವಾಗಲೇ ನೆನೆಯಬೇಕು. ಲಕ್ಷದ್ವೀಪಕ್ಕೆ ಅನುಮತಿಪತ್ರವೂ ಬೇಕು.

ಕಾಲವೂ ಮುಖ್ಯ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗದು. ದಸರೆಯ ರಜೆಯಲ್ಲಿ ಕಡಲು ಇನ್ನೂ ಪೂರ್ತಿ ಶಾಂತವಾಗಿರದು, ನೀರು ಕದಡಿರಬಹುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ಒಂದೇ ದಾರಿ. ಬಿಸಿಲು ಜೋರು, ನೀರು ಮಾತ್ರ ಹಿತ. ಹೊರದೇಶದ ಮಕ್ಕಳು ಜೂನ್, ಜುಲೈನಲ್ಲಿ ಬಂದರೆ ಕಡಲ ಆಸೆ ಬಿಟ್ಟು ಡಿಸೆಂಬರಿನ ರಜೆಗೆ ಕಾಯಬೇಕು.

ತಾಯಂದಿರ ಭಯವನ್ನು ಅಲ್ಲಗಳೆಯಲಾಗದು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ತೀರದಲ್ಲಿ ನೀರುಪಾಲಾದರು. ಅವರು ಮುಳುಗುವಿದ್ಯೆಗೆ ಹೋದವರಲ್ಲ, ದಡದ ಅಲೆಗಳಲ್ಲಿ ಆಡಲು ಇಳಿದವರು. ತರಬೇತುದಾರನೊಡನೆ ಆಳಕ್ಕೆ ಇಳಿಯುವ ಮಗುವಿಗಿಂತ, ಅಣ್ಣ ಬರುವವರೆಗೆ ಎಂದು ದಡದಲ್ಲಿ ಬಿಟ್ಟ ತಂಗಿ ತಮ್ಮಂದಿರ ಮೇಲೆ ಕಣ್ಣಿಡುವುದು ಹೆಚ್ಚು ಅಗತ್ಯ.

ವೈದ್ಯಕೀಯ ಪ್ರಶ್ನಾವಳಿಯನ್ನು ಸುಳ್ಳಿಲ್ಲದೆ ತುಂಬಬೇಕು. ಉಬ್ಬಸ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಒಪ್ಪಿಗೆ ಬೇಕು. ಅಪ್ರಾಪ್ತ ವಯಸ್ಕರಾದರೆ ತಂದೆ ತಾಯಿಯರ ಸಹಿಯೂ ಬೇಕು. ದುಡ್ಡು ಕಟ್ಟಿಯಾಗಿದೆಯೆಂದು "ಬಾಲ್ಯದಲ್ಲಿ ಸ್ವಲ್ಪ ದಮ್ಮು ಇತ್ತು" ಎಂಬುದನ್ನು ಮುಚ್ಚಿಡುವುದು ಮಗುವಿಗೆ ಮಾಡುವ ದ್ರೋಹ. ನೆಗಡಿಯಿದ್ದ ದಿನ ಮುಳುಗಬಾರದು. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸಮವಾಗದೆ ತಮಟೆ ಹರಿದೀತು. ದೋಣಿಯಲ್ಲಿ ಆಮ್ಲಜನಕವಿದೆಯೇ, ಒಬ್ಬ ತರಬೇತುದಾರನಿಗೆ ಎಷ್ಟು ಮಕ್ಕಳು, ಒತ್ತಡದ ಕೋಣೆಯುಳ್ಳ ಆಸ್ಪತ್ರೆ ಹತ್ತಿರದಲ್ಲಿ ಎಲ್ಲಿದೆ, ಇವನ್ನು ಕೇಳಲು ಸಂಕೋಚ ಬೇಡ. ಮನೆಗೆ ಬಂದಮೇಲೆ ಮಗು ಕೀಲುನೋವು, ಜೋಮು ಎಂದರೆ ವಾಯುವೆಂದು ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುತ್ತ ಕೂಡಬೇಡಿ. ಕಡಲಿನಲ್ಲಿ ಮುಳುಗಿದ್ದ ಸಂಗತಿಯನ್ನು ಮೊದಲೇ ತಿಳಿಸಿ ವೈದ್ಯರಿಗೆ ತೋರಿಸಿ.

ಊಟದ ವಿಷಯ. ಮುರುಡೇಶ್ವರದಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಇದ್ದರೂ ಸಂತೋಷವೇ. ದೋಣಿ ಹತ್ತುವ ಬೆಳಿಗ್ಗೆ ಮಾತ್ರ ಮೆಣಸಿನಕಾಯಿ ಮಂಡಕ್ಕಿ ಬೇಡ. ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ, ಬಾಳೆಹಣ್ಣು, ಸಾಕಷ್ಟು ನೀರು ಸಾಕು. ಹೆಣ್ಣುಮಕ್ಕಳು ಜಡೆಯನ್ನು ಬಿಗಿಯಾಗಿ ಹೆಣೆದುಕೊಳ್ಳಲಿ. ಮಾಸ್ಕಿನ ಅಂಚಿಗೆ ಒಂದು ಎಳೆ ಕೂದಲು ಸಿಕ್ಕರೂ ನೀರು ಒಸರುತ್ತದೆ.

ನಮ್ಮ ಸಮಾಜದವರು ಕೇಳುವ ಇನ್ನೊಂದು ಪ್ರಶ್ನೆಯುಂಟು: ಇಷ್ಟಲಿಂಗವನ್ನು ಏನು ಮಾಡುವುದು? ಲಿಂಗಧಾರಣೆಯಾದ ಮೇಲೆ ಅದು ಅಂಗದಿಂದ ಅಗಲಬಾರದೆಂಬುದು ಆಚಾರ. ಹಾಗೆಂದು ಬೆಳ್ಳಿಯ ಕರಡಿಗೆಯನ್ನು ಉದ್ದನೆಯ ಶಿವದಾರದಲ್ಲಿ ಇಳಿಬಿಟ್ಟುಕೊಂಡು ಧುಮುಕಬಾರದು. ಎದೆಯ ಮೇಲೆ ಜಾಕೆಟ್ಟಿನ ಪಟ್ಟಿಗಳೂ ಗಾಳಿಯ ಕೊಳವೆಗಳೂ ಇರುತ್ತವೆ. ದಾರ ಅವುಗಳಿಗೆ ತೊಡರಿದರೆ, ಆಪತ್ತಿನಲ್ಲಿ ಜಾಕೆಟ್ ಬಿಚ್ಚಬೇಕಾದವನಿಗೆ ಅದೇ ಅಡ್ಡಿ. ಕೊರಳಿಗಂತೂ ಏನನ್ನೂ ಕಟ್ಟಬಾರದು. ನನ್ನ ಅಭಿಪ್ರಾಯ ಹೀಗಿದೆ: ನಸುಕಿನಲ್ಲೇ ಪೂಜೆ ಮುಗಿಸಿ, ಕರಡಿಗೆಯನ್ನು ಕೊಠಡಿಯಲ್ಲಿರಿಸಿ, ಇಷ್ಟಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ, ತೋಳಿಗೆ ರಕ್ತಸಂಚಾರ ತಡೆಯದಷ್ಟು ಸಡಿಲವಾಗಿ ಕಟ್ಟಿ, ಅದರ ಮೇಲೆ ವೆಟ್‌ಸೂಟ್ ತೊಡಬೇಕು, ತರಬೇತುದಾರನಿಗೂ ತಿಳಿಸಿರಬೇಕು. ಕಂಠ, ವಕ್ಷ, ಕರಗಳಲ್ಲಿ ಧರಿಸುವುದಕ್ಕೆ ನಮ್ಮ ಶಾಸ್ತ್ರಗಳಲ್ಲಿಯೇ ಅವಕಾಶವಿರುವುದರಿಂದ ತೋಳಿಗೆ ಕಟ್ಟಿದ್ದಕ್ಕೆ ಆಚಾರಕ್ಕೆ ಕುಂದು ಬಂದಿತೆಂದು ನಾನು ಭಾವಿಸುವುದಿಲ್ಲ. ಇದಕ್ಕೆ ಮನಸ್ಸೊಪ್ಪದವರು ತಮ್ಮ ಮಠದ ಗುರುಗಳನ್ನು ಹೊರಡುವ ಮೊದಲೇ ಕೇಳಲಿ, ದೋಣಿಯ ಮೇಲೆ ನಿಂತು ಈ ಚರ್ಚೆ ಬೇಡ. ಬೆಳೆದ ಮಗುವಿನ ಮಾತನ್ನೂ ಈ ವಿಷಯದಲ್ಲಿ ಆಲಿಸಬೇಕು.

ಪ್ರತಿ ಮುಳುಗಿನ ಆಳ, ಅವಧಿ, ತರಬೇತುದಾರನ ಸಹಿ ಇವುಗಳನ್ನು ಬರೆದಿಡುವ ಲಾಗ್ ಪುಸ್ತಕವೊಂದಿರುತ್ತದೆ. ಘಟ್ಟ ಹತ್ತುವ ಮೊದಲು ನಾಲ್ಕೂ ಪುಟಗಳಿಗೆ ಸಹಿ ಬಿದ್ದಿದೆಯೇ ನೋಡಿಕೊಳ್ಳಿ. ವರ್ಷಗಟ್ಟಲೆ ಮುಳುಗದೆ ಬಿಟ್ಟ ಮಗು ಮತ್ತೆ ಕಡಲಿಗೆ ಹೋಗುವಾಗ, ಪತ್ರ ಕೈಯಲ್ಲಿದ್ದರೂ, ಮೊದಲು ಒಂದು ದಿನ ಕೊಳದಲ್ಲಿ ಅಭ್ಯಾಸ ಮಾಡಿಸಿ ಕಳುಹಿಸಬೇಕು.