ಕ್ಲಿನಿಕಲ್ ಸೆನೆಟ್: ಅಧಿಕಾರವಿಲ್ಲ, ಅಭಿಪ್ರಾಯವುಂಟು

ಊರಿನ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಇಂಗ್ಲೆಂಡಿನಲ್ಲೂ ಜನ ಬೀದಿಗಿಳಿಯುತ್ತಾರೆ, ಸಂಸದರ ಬೆನ್ನು ಬೀಳುತ್ತಾರೆ. ಇದೆಲ್ಲ ರೋಗಿಗಳ ಒಳ್ಳೆಯದಕ್ಕೇ ಎಂದು ಆಡಳಿತದವರು ಹೇಳಿದರೆ, ದುಡ್ಡು ಉಳಿಸುವ ಹುನ್ನಾರ ಎಂದು ಜನ ಗುಮಾನಿ ಪಡುತ್ತಾರೆ. ಹಲವು ಸಲ ಎರಡರಲ್ಲೂ ಒಂದಿಷ್ಟು ನಿಜವಿರುತ್ತದೆ. ಈ ಜಗ್ಗಾಟದ ನಡುವೆ, ಯಾವ ಕಡೆಗೂ ಸೇರದ ವೈದ್ಯರು, ದಾದಿಯರು ಕೂತು ಯೋಜನೆಯನ್ನು ಓದಿ, ವೈದ್ಯಕೀಯವಾಗಿ ಇದು ಸರಿಯೇ ಎಂದು ಹೇಳುವ ವ್ಯವಸ್ಥೆಯೊಂದು ಅಲ್ಲಿದೆ. ಅದೇ ಕ್ಲಿನಿಕಲ್ ಸೆನೆಟ್.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಶುರುವಾದದ್ದು 1948ರ ಜುಲೈ 5ರಂದು. ಇಂಗ್ಲೆಂಡಿನಲ್ಲಿ ಅದರ ಆಡಳಿತವನ್ನು 2012ರ ಕಾಯ್ದೆ ತಲೆಕೆಳಗು ಮಾಡಿತು. ಮರುವರ್ಷ 12 ಪ್ರಾದೇಶಿಕ ಸೆನೆಟ್‌ಗಳು ಹುಟ್ಟಿಕೊಂಡವು. ಇವಕ್ಕೆ ಶಾಸನದ ಬಲವಿಲ್ಲ. ಸಲಹೆ ಕೊಡಬಹುದು, ಆದೇಶ ಹೊರಡಿಸುವಂತಿಲ್ಲ. ಹಾಗಾದರೆ ಇದ್ದೇನು ಪ್ರಯೋಜನ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಜೆಟ್ಟಿನ ಹೊಣೆ ಹೊತ್ತವರು ಕೇಳಲು ಹಿಂಜರಿಯುವ ಪ್ರಶ್ನೆಗಳನ್ನು ಇವರು ಮುಲಾಜಿಲ್ಲದೆ ಕೇಳುತ್ತಾರೆ.

ಎಂಥ ಪ್ರಶ್ನೆಗಳು? ಎರಡು ಆಸ್ಪತ್ರೆಗಳ ಹೆರಿಗೆ ವಿಭಾಗಗಳನ್ನು ಒಂದು ಮಾಡುವ ಯೋಜನೆ ಬಂತು ಎನ್ನೋಣ. ರಾತ್ರಿ ಎರಡು ಗಂಟೆಗೆ ತುರ್ತು ಸಿಸೇರಿಯನ್ ಮಾಡಬೇಕಾದರೆ ಅರಿವಳಿಕೆ ತಜ್ಞರು ಅದೇ ಕಟ್ಟಡದಲ್ಲಿರುತ್ತಾರೋ, ಮನೆಯಿಂದ ಬರಬೇಕೋ? ನವಜಾತ ಶಿಶು ಘಟಕ ಎಲ್ಲಿ? ಮಕ್ಕಳ ವಾರ್ಡ್ ಬೇರೆ ಊರಿಗೆ ಹೋದರೆ, ಉಸಿರಾಟಕ್ಕೆ ಕಷ್ಟಪಡುವ ಮಗುವನ್ನು ಹೊತ್ತು ತಂದ ತಾಯಿಗೆ ಇಲ್ಲಿನ ತುರ್ತು ವಿಭಾಗ ಏನು ಮಾಡೀತು? ಯಾವ ಸೇವೆಯ ಪಕ್ಕದಲ್ಲಿ ಯಾವುದು ಇರಲೇಬೇಕು, ಯಾವುದು ಬೇರೆ ಆಸ್ಪತ್ರೆಯಿಂದ ಬಂದು ಹೋದರೂ ನಡೆಯುತ್ತದೆ ಎಂಬುದನ್ನು ಸೌತ್ ಈಸ್ಟ್ ಕೋಸ್ಟ್ ಸೆನೆಟ್ 2014ರ ಡಿಸೆಂಬರ್‌ನಲ್ಲಿ ಕೋಷ್ಟಕ ಮಾಡಿ ಪ್ರಕಟಿಸಿತು. ಓದಲು ನೀರಸ, ಆದರೆ ಒಂದು ವಾರ್ಡ್ ಎತ್ತಿದರೆ ಇನ್ನೆಷ್ಟು ಅಲುಗಾಡುತ್ತವೆ ಎಂಬುದು ಅದರಲ್ಲಿ ಕಣ್ಣಿಗೆ ಕಟ್ಟುತ್ತದೆ.

ಸೇವೆಗಳನ್ನು ಬದಲಿಸುವುದಕ್ಕೆ 2010ರಲ್ಲಿ ಆಗಿನ ಆರೋಗ್ಯ ಸಚಿವ ಆಂಡ್ರ್ಯೂ ಲ್ಯಾನ್ಸ್‌ಲೀ ನಾಲ್ಕು ಪರೀಕ್ಷೆಗಳನ್ನು ಗೊತ್ತುಪಡಿಸಿದ್ದರು. ಅವುಗಳಲ್ಲಿ ಒಂದು, ಬದಲಾವಣೆಗೆ ಸ್ಪಷ್ಟ ವೈದ್ಯಕೀಯ ಆಧಾರ ಇದೆಯೇ ಎನ್ನುವುದು. ಸೆನೆಟ್ ತೂಗಿನೋಡುವುದು ಮುಖ್ಯವಾಗಿ ಇದನ್ನೇ.

ತೂಗಿನೋಡುವುದು ಯಾಕೆ ಬೇಕು ಎನ್ನುವುದಕ್ಕೆ ಸೆನೆಟ್‌ಗಳಿಗಿಂತ ಹಿಂದಿನ ಒಂದು ನಿದರ್ಶನವಿದೆ. 2010ರಲ್ಲಿ ಲಂಡನ್ನಿನಲ್ಲಿ ಲಕ್ವ ಹೊಡೆದವರನ್ನೆಲ್ಲ ಹತ್ತಿರದ ಆಸ್ಪತ್ರೆಯ ಬದಲು ಎಂಟು ವಿಶೇಷ ಘಟಕಗಳಿಗೆ ಒಯ್ಯತೊಡಗಿದರು. ಗ್ರೇಟರ್ ಮ್ಯಾಂಚೆಸ್ಟರ್ ಕೂಡ ಇದೇ ದಾರಿ ಹಿಡಿಯಿತಾದರೂ, ಲಕ್ಷಣ ಕಾಣಿಸಿಕೊಂಡ ನಾಲ್ಕು ಗಂಟೆಯೊಳಗೆ ಬಂದವರನ್ನು ಮಾತ್ರ ವಿಶೇಷ ಘಟಕಕ್ಕೆ ಕಳಿಸಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಲಂಡನ್ನಿನಲ್ಲಿ ಸಾವುಗಳು ಉಳಿದೆಡೆಗಿಂತ ಹೆಚ್ಚು ತಗ್ಗಿದ್ದವು. ಮ್ಯಾಂಚೆಸ್ಟರಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮೇಲ್ನೋಟಕ್ಕೆ ಎರಡೂ ಒಂದೇ ಯೋಜನೆ!

ಸೆನೆಟ್‌ನಲ್ಲಿ ಚಿಕ್ಕದೊಂದು ಕೌನ್ಸಿಲ್, ದೊಡ್ಡದೊಂದು ಅಸೆಂಬ್ಲಿ. ಸರ್ಜನ್‌ಗಳು, ಜಿಪಿ ಎನ್ನುವ ಕುಟುಂಬ ವೈದ್ಯರು, ಫಾರ್ಮಸಿಸ್ಟರು, ಫಿಸಿಯೋಥೆರಪಿಸ್ಟರು, ಆಂಬುಲೆನ್ಸಿನ ಪ್ಯಾರಾಮೆಡಿಕ್‌ಗಳು ಇರುತ್ತಾರೆ. ಜೊತೆಗೆ ರೋಗಿಗಳೂ ಜನಸಾಮಾನ್ಯರೂ. ಯಾರೂ ತಮ್ಮ ಆಸ್ಪತ್ರೆಯ ವಕೀಲರಾಗಿ ಬರುವಂತಿಲ್ಲ. ಪರಿಶೀಲನೆಯ ತಂಡಕ್ಕೆ ಆ ಯೋಜನೆಯ ಸೋಂಕಿಲ್ಲದವರನ್ನು, ಬೇಕಾದರೆ ಪಕ್ಕದ ಪ್ರದೇಶದಿಂದಲೂ, ಆರಿಸುತ್ತಾರೆ. ಹಿತಾಸಕ್ತಿ ಇದ್ದರೆ ಮೊದಲೇ ಬರೆದುಕೊಡಬೇಕು, ಗೋಪ್ಯತೆಗೆ ಸಹಿ ಹಾಕಬೇಕು. ಆಮೇಲೆ ದಪ್ಪ ಕಡತ ಮನೆಗೆ ಬರುತ್ತದೆ. ಅದನ್ನು ಓದಿಕೊಂಡು ಹೋಗಿ ಯೋಜನೆ ರೂಪಿಸಿದವರನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು. ‘ಬಸ್ಸಿಲ್ಲದ ಭಾನುವಾರ ಇಲ್ಲಿಗೆ ಹೇಗೆ ಬರಲಿ?’ ಎಂದು ಕೇಳುವ ಧೈರ್ಯ ರೋಗಿಗಳ ಕಡೆಯವರಿಗೇ ಹೆಚ್ಚು ಎಂದು ನನ್ನ ನಂಬಿಕೆ.

ನಮ್ಮ ದಾವಣಗೆರೆ, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಓದಿ ಎನ್‌ಎಚ್‌ಎಸ್ ಸೇರಿದ ವೈದ್ಯರು ಅಲ್ಲಿದ್ದಾರೆ. ಅವರಿಗೂ ಸೆನೆಟ್‌ನ ಬಾಗಿಲು ತೆರೆದೇ ಇದೆ: ಜಾಗ ಖಾಲಿಯಾದಾಗ ಅರ್ಜಿ ಹಾಕಬೇಕು, ಕೆಲಸ ಕೊಟ್ಟವರ ಒಪ್ಪಿಗೆ ತರಬೇಕು. ಬಹುಮಟ್ಟಿಗೆ ಇದು ಸಂಬಳವಿಲ್ಲದ ದುಡಿಮೆ. ಹಿರಿಯ ವೈದ್ಯರು ಹೇಗೋ ಒಂದು ದಿನ ಹೊಂದಿಸಿಕೊಂಡಾರು. ಪಾಳಿಯಲ್ಲಿ ದುಡಿಯುವ ದಾದಿಗೆ, ಪ್ಯಾರಾಮೆಡಿಕ್‌ಗೆ ಆ ಒಂದು ದಿನ ಬಿಡಿಸಿಕೊಳ್ಳುವುದೇ ದೊಡ್ಡ ತಾಪತ್ರಯ.