ಹಗಲಿನ ಬಿಸಿಲಿಗೆ ಟಾಕಿ ಕಟ್ಟುವ ಮಾತು

ರಾತ್ರಿ ಎರಡಕ್ಕೆ ತ್ರೀ ಫೇಸ್ ಬರುತ್ತದೆ ಅಂತ ಗೊತ್ತಿದ್ದರೆ ಯಾವ ರೈತನಿಗೂ ನಿದ್ದೆ ಹತ್ತುವುದಿಲ್ಲ. ಟಿಕೋಟಾ ಕಡೆಯ ನಮ್ಮ ದ್ರಾಕ್ಷಿ ಪಡಕ್ಕೆ ಕೈಬ್ಯಾಟರಿ ಹಿಡಿದು ಎಷ್ಟು ರಾತ್ರಿ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಹೋದ ಬೇಸಿಗೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುವಾಗ ಅಣ್ಣನ ಮಗ ಹಿಂದಿನಿಂದ "ಕಾಕಾ, ಕಾಲ ತಗೀರಿ!" ಅಂತ ಕೂಗಿದ. ಕಾಲ ಬುಡದಲ್ಲೇ ಹಾವು. ಅವತ್ತು ಉಳಿದದ್ದು ಪುಣ್ಯ.

ಅದೇ ಹುಡುಗ ಮೊನ್ನೆ ಕೇಳಿದ: "ಕಾಕಾ, ಕೂಡಗ್ಯಾಗ ದೊಡ್ಡ ಬ್ಯಾಟರಿ ಮಾಡ್ತಾರಂತ. ಹಗಲಿನ ಕರೆಂಟ್ ತುಂಬಿ ರಾತ್ರಿಗೆ ಇಡ್ತಾರಂತ. ಹಂಗಾದ್ರ ನಮಗ ಇನ್ನೂ ರಾತ್ರೀನ ಕೊಡ್ತಾರೇನು?"

ಪ್ರಶ್ನೆ ಸಣ್ಣದಲ್ಲ. ಈ ಬ್ಯಾಟರಿ ಅಂದ್ರೆ ಏನು, ಅದರಿಂದ ಸಣ್ಣ ರೈತನಿಗೆ ಲಾಭವೋ ತೊಂದರೆಯೋ ಅನ್ನುವುದನ್ನು ನಾನು ತಿಳಿದುಕೊಂಡ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಹೆಚ್ಚಾದದ್ದೂ ತ್ರಾಸೇ

ಕರೆಂಟ್ ಜೋಳದ ಹಾಗಲ್ಲ. ಹಗೇವಿನಲ್ಲಿ ಹಾಕಿ ಇಡಲು ಬರುವುದಿಲ್ಲ. ಒಂದು ಕಡೆ ಎಷ್ಟು ತಯಾರಾಗುತ್ತದೋ ಇನ್ನೊಂದು ಕಡೆ ಅದೇ ಗಳಿಗೆಗೆ ಅಷ್ಟೇ ಖರ್ಚಾಗಬೇಕು. ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ.

ಹಿಂದೆ ಕಲ್ಲಿದ್ದಲು ಮತ್ತು ಅಣೆಕಟ್ಟಿನ ಕರೆಂಟೇ ಮುಖ್ಯವಾಗಿತ್ತು. ಕಲ್ಲಿದ್ದಲಿನ ಒಲೆಯನ್ನು ಬೇಕಾದಾಗ ಆರಿಸಿ ಬೇಕಾದಾಗ ಹಚ್ಚಲು ಆಗುವುದಿಲ್ಲ. ರಾತ್ರಿ ಊರೆಲ್ಲ ಮಲಗಿದಾಗ ಕರೆಂಟ್ ಉಳಿಯುತ್ತಿತ್ತು. ಉಳಿದದ್ದನ್ನು ಖರ್ಚು ಮಾಡುವವರು ಬೇಕಲ್ಲ? ನಮ್ಮ ಪಂಪುಗಳಿಗೆ ಪಾಳಿ ಮಾಡಿ ರಾತ್ರಿ ಬಿಟ್ಟರು. ಪೇಟೆಗೆ ಬೇಕಾದಾಗ ನಮ್ಮ ಲೈನ್ ಬಂದ್, ಪೇಟೆಗೆ ಬೇಡವಾದಾಗ ನಮ್ಮ ಲೈನ್ ಚಾಲೂ. ನೋಡಿದರೆ, ಇಷ್ಟು ವರ್ಷ ಗ್ರಿಡ್ಡಿಗೆ ಬ್ಯಾಟರಿ ಆಗಿದ್ದವರು ನಾವೇ.

ಈಗ ಲೆಕ್ಕ ತಿರುಗಿದೆ. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟಿನದು, 2019ಕ್ಕೆ ಪೂರ್ತಿಯಾಯಿತು. ನಮ್ಮ ಜಿಲ್ಲೆಯ ಮಡ್ಡಿಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ದಿನಾ ನೋಡುತ್ತೇವೆ. ಬಿಸಿಲಿನ ಕರೆಂಟ್ ಮಧ್ಯಾಹ್ನ ಉಕ್ಕುತ್ತದೆ, ಸಂಜೆ ಆರೂವರೆಗೆ ಸೊನ್ನೆ. ಗಾಳಿ ಮುಂಗಾರಿನಲ್ಲಿ ಜೋರು, ಉಳಿದ ದಿನ ಅದರ ಮರ್ಜಿ. ಆದರೆ ಊರಿಗೆ ಕರೆಂಟ್ ಹೆಚ್ಚು ಬೇಕಾಗುವುದು ದೀಪ ಹಚ್ಚುವ ಹೊತ್ತಿಗೆ. 2025ರಲ್ಲಿ ರಾಜಸ್ಥಾನದಲ್ಲಿ ಒಯ್ಯುವ ಲೈನ್ ಸಾಲದೆ ತಯಾರಾಗಬಹುದಾದ ಸೋಲಾರ್ ಕರೆಂಟನ್ನೇ ತಡೆಹಿಡಿಯಬೇಕಾಯಿತು. ಹಣ್ಣು ಗಿಡದಲ್ಲೇ ಬಿಟ್ಟು ಕೊಳೆಸಿದ ಹಾಗೆ.

ಪೈಪು ಬೇರೆ, ಟಾಕಿ ಬೇರೆ

ಬ್ಯಾಟರಿಯ ಸುದ್ದಿಯಲ್ಲಿ ಎರಡು ಅಂಕಿ ಬರುತ್ತವೆ. ಮೆಗಾವ್ಯಾಟ್ ಅಂದ್ರೆ ಪೈಪಿನ ದಪ್ಪ, ಒಂದು ಸಲಕ್ಕೆ ಎಷ್ಟು ಜೋರಾಗಿ ಕೊಡಬಲ್ಲದು ಅನ್ನುವುದು. ಮೆಗಾವ್ಯಾಟ್ ಅವರ್ ಅಂದ್ರೆ ಟಾಕಿಯ ಅಳತೆ, ಒಟ್ಟು ಎಷ್ಟು ತುಂಬಿದೆ ಅನ್ನುವುದು. ಒಂದು ಮೆಗಾವ್ಯಾಟ್ ಅವರ್‌ಗೆ ನಮ್ಮ ಮೀಟರಿನ ಸಾವಿರ ಯುನಿಟ್. ಟಾಕಿಯ ಅಂಕಿ ಹೇಳದೆ ಬರೀ ಮೆಗಾವ್ಯಾಟ್ ಹೇಳಿದರೆ ಮಾತು ಅರ್ಧವೇ ಅಂತ ತಿಳಿಯಿರಿ.

ದಿಲ್ಲಿಯ ಕಿಲೋಕರಿಯಲ್ಲಿ 2025ರಲ್ಲಿ ಶುರುವಾದ ಬ್ಯಾಟರಿ 20 ಮೆಗಾವ್ಯಾಟ್, 40 ಮೆಗಾವ್ಯಾಟ್ ಅವರ್. ಪೂರಾ ಜೋರಿನಲ್ಲಿ ಬಿಟ್ಟರೆ ಎರಡು ತಾಸಿಗೆ ಖಾಲಿ. ಛತ್ತೀಸಗಡದ ರಾಜನಂದಗಾಂವದಲ್ಲಿ 100 ಮೆಗಾವ್ಯಾಟ್ ಸೋಲಾರ್ ಜೊತೆಗೆ 40 ಮೆಗಾವ್ಯಾಟ್, 120 ಮೆಗಾವ್ಯಾಟ್ ಅವರ್‌ನ ಬ್ಯಾಟರಿ 2024ರಿಂದ ಇದೆ. ಅದು ಮೂರು ತಾಸಿನದು. ಜಗತ್ತಿನ ಕಣ್ಣು ತೆರೆಸಿದ್ದು ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ ಕೂಡಿಸಿದ 100 ಮೆಗಾವ್ಯಾಟಿನ ಬ್ಯಾಟರಿ.

ಇವೆಲ್ಲ ಲಿಥಿಯಂ ಬ್ಯಾಟರಿಗಳು. ಮೊಬೈಲಿನ ಬ್ಯಾಟರಿಯ ದೊಡ್ಡಣ್ಣಂದಿರು ಅನ್ನಿ. ಲಾರಿ ಮೇಲೆ ಒಯ್ಯುವ ಕಂಟೇನರಿನಂಥ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ನೂರು ಯುನಿಟ್ ತುಂಬಿದರೆ 85ರ ಸುಮಾರಿಗೆ ವಾಪಸ್ ಬರುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ.

ಬೆಲೆ ಇಳಿದದ್ದೇ ಇವು ಹಬ್ಬಲು ಕಾರಣ. 2022ರಲ್ಲಿ ಕೇಂದ್ರದ ಸೋಲಾರ್ ನಿಗಮ ಕರೆದ ಟೆಂಡರಿನಲ್ಲಿ ಎರಡು ತಾಸಿನ ಬ್ಯಾಟರಿಗೆ ತಿಂಗಳಿಗೆ ಮೆಗಾವ್ಯಾಟಿಗೆ ಸುಮಾರು 10.8 ಲಕ್ಷ ರೂಪಾಯಿ ಬಾಡಿಗೆ ಬಂದಿತ್ತು. 2025ರ ಹೊತ್ತಿಗೆ ಕೆಲವು ಟೆಂಡರುಗಳಲ್ಲಿ ಅದು ಎರಡೂವರೆ ಲಕ್ಷಕ್ಕಿಂತ ಕೆಳಗೆ ಬಂತು. 2031-32ಕ್ಕೆ ದೇಶಕ್ಕೆ 47 ಸಾವಿರ ಮೆಗಾವ್ಯಾಟಿನಷ್ಟು ಬ್ಯಾಟರಿ ಬೇಕಾಗುತ್ತದೆ ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ಲೆಕ್ಕ ಕೊಟ್ಟಿದೆ.

ಕೂಡಗಿಗೆ ಬರುವ ಗುಮ್ಮಟ

ಇನ್ನು ನಮ್ಮ ಜಿಲ್ಲೆಯ ಮಾತು. ವಿಜಯಪುರದಿಂದ ಆಲಮಟ್ಟಿ ಕಡೆ ರೈಲಿನಲ್ಲಿ ಹೊರಟರೆ ಸಿಗುವ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆ. ಅಲ್ಲಿ 160 ಮೆಗಾವ್ಯಾಟ್ ಅವರ್ ಕೂಡಿಡುವ ಘಟಕಕ್ಕೆ 2025ರ ಆರಂಭದಲ್ಲಿ ತ್ರಿವೇಣಿ ಟರ್ಬೈನ್ ಕಂಪನಿಗೆ ಸುಮಾರು 290 ಕೋಟಿ ರೂಪಾಯಿಯ ಆರ್ಡರ್ ಸಿಕ್ಕಿತು. ಇದರಲ್ಲಿ ಲಿಥಿಯಂ ಇಲ್ಲ. ಕೆಲಸ ಮಾಡುವುದು ಇಂಗಾಲದ ಡೈ ಆಕ್ಸೈಡ್, ಅಂದ್ರೆ ಸೋಡಾ ಬಾಟ್ಲಿಯಲ್ಲಿ ಗುಳ್ಳೆ ಏಳಿಸುವ ಅದೇ ಗ್ಯಾಸ್.

ದಪ್ಪ ಬಟ್ಟೆಯಂಥ ಹಾಳೆಯ ದೊಡ್ಡ ಗುಮ್ಮಟದಲ್ಲಿ ಗ್ಯಾಸ್ ತುಂಬಿರುತ್ತದೆ. ಗೋಳಗುಮ್ಮಟದ ಊರಿನವರಿಗೆ ಆಕಾರ ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ಹೆಚ್ಚಿದ್ದಾಗ ಆ ಕರೆಂಟಿನಿಂದ ಗ್ಯಾಸನ್ನು ಒತ್ತುತ್ತಾರೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತದಲ್ಲ, ಹಾಗೆ ಇಲ್ಲೂ ಬಿಸಿ ಹುಟ್ಟುತ್ತದೆ. ಆ ಬಿಸಿಯನ್ನು ಬೇರೆ ಕೂಡಿಡುತ್ತಾರೆ. ಒತ್ತಿದ ಗ್ಯಾಸ್ ತಣಿದು ದ್ರವವಾಗಿ ಗಟ್ಟಿ ಟಾಕಿಗಳಿಗೆ ಹೋಗುತ್ತದೆ. ಸಂಜೆ ಕರೆಂಟ್ ಬೇಕಾದಾಗ ಕೂಡಿಟ್ಟ ಬಿಸಿಯನ್ನೇ ಕೊಟ್ಟು ದ್ರವವನ್ನು ಮತ್ತೆ ಗ್ಯಾಸ್ ಮಾಡಿದರೆ ಅದು ಉಬ್ಬಿ ಟರ್ಬೈನ್ ತಿರುಗಿಸುತ್ತದೆ, ಆಮೇಲೆ ಗುಮ್ಮಟಕ್ಕೆ ವಾಪಸ್. ಗ್ಯಾಸ್ ಖರ್ಚಾಗುವುದಿಲ್ಲ, ಒಳಗೇ ಸುತ್ತುತ್ತದೆ. ಹೀಗೆ ನೂರಕ್ಕೆ 75ರ ಸುಮಾರು ವಾಪಸ್ ಸಿಗುತ್ತದೆ. ಲಿಥಿಯಂಗಿಂತ ಕಮ್ಮಿ. ಆದರೆ ಹೆಚ್ಚು ತಾಸು ಕೊಡಲು ಇದು ಒಗ್ಗುತ್ತದೆ, ಬೆಂಕಿಯ ಭಯವೂ ಕಮ್ಮಿ.

ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಬೇಕಾದಾಗ ಕೆಳಗೆ ಬಿಡುವ ದಾರಿ ಇನ್ನೊಂದು. ತಳಕಳಲೆ ಮತ್ತು ಗೇರುಸೊಪ್ಪೆಯ ನಡುವೆ 2,000 ಮೆಗಾವ್ಯಾಟಿನ ಶರಾವತಿ ಯೋಜನೆ ಇಂಥದ್ದು. ಅಲ್ಲಿಯ ಕಾಡು ಹಾಳಾಗುತ್ತದೆ ಅಂತ ಆ ಭಾಗದ ಜನ ವಿರೋಧ ಮಾಡಿದ್ದಾರೆ. ಕೂಡಿಡುವುದು ಯಾವ ಬಗೆಯದಾದರೂ ಒಂದಲ್ಲ ಒಂದು ಬೆಲೆ ಕೇಳುತ್ತದೆ.

ನಮ್ಮ ಬ್ಯಾಟರಿ ಹೊಲದಲ್ಲೇ ಇದೆ

ಈಗ ನಮ್ಮ ಲೆಕ್ಕ ಮಾಡೋಣ. ಐದು ಎಚ್‌ಪಿ ಮೋಟಾರು ತಾಸಿಗೆ ಸುಮಾರು 4 ಯುನಿಟ್ ತಿನ್ನುತ್ತದೆ. ಏಳು ತಾಸಿಗೆ 28. ಕೂಡಗಿಯ ಘಟಕ ಪೂರಾ ತುಂಬಿದರೆ 1,60,000 ಯುನಿಟ್. ಅಂದ್ರೆ ಇಂಥ 5,700 ಮೋಟಾರುಗಳ ಒಂದು ದಿನದ ಪಾಳಿ ಅಷ್ಟೇ. 290 ಕೋಟಿಯ ಘಟಕದಲ್ಲಿ ತುಂಬಿದ ಕರೆಂಟನ್ನು ಪಂಪಿಗೆ ಸುರಿಯುವುದು ಬೆಣ್ಣೆ ಮಾರಿ ಮಜ್ಜಿಗೆ ಕೊಂಡ ಹಾಗೆ.

ಯಾಕಂದ್ರೆ ನಮಗೆ ಕೂಡಿಡಬೇಕಾದದ್ದು ಕರೆಂಟ್ ಅಲ್ಲ, ನೀರು. ಹೊಲದ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ 20 ಲಕ್ಷ ಲೀಟರ್ ತುಂಬಿದಿರಿ ಅನ್ನಿ. 330 ಅಡಿ ಆಳದಿಂದ ಎತ್ತಿದ ನೀರು. ಪಂಪು ಅರ್ಧ ಶಕ್ತಿ ಪೋಲು ಮಾಡುತ್ತದೆ ಅಂತ ಹಿಡಿದರೂ ಅದಕ್ಕೆ ಹತ್ತಿರ ಹತ್ತಿರ 1,100 ಯುನಿಟ್ ಹೋಗಿರುತ್ತದೆ. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯುನಿಟ್. ಆ ಲೆಕ್ಕಕ್ಕೆ ನಿಮ್ಮ ಹೊಂಡ ಇಂಥ 600 ಬ್ಯಾಟರಿಗೆ ಸಮ! ಒಮ್ಮೆ ತುಂಬಿತು ಅಂದ್ರೆ ಡ್ರಿಪ್ಪಿಗೆ ತಳ್ಳಲು ಸಣ್ಣ ಮೋಟಾರು ಸಾಕು. ಅದೂ ಹಗಲಿನಲ್ಲಿ, ನಿಮಗೆ ಅನುಕೂಲವಾದ ಹೊತ್ತಿಗೆ.

ಕೃಷ್ಣಾ ನೀರನ್ನು ನಮ್ಮ ಕಡೆಗೆ ಎತ್ತಿ ತರುವ ತುಬಚಿ-ಬಬಲೇಶ್ವರ ಏತ ನೀರಾವರಿಗೂ ಇದೇ ಮಾತು. ಅದರ ಪಂಪುಗಳು ಬಿಸಿಲಿದ್ದಾಗ ಹೆಚ್ಚು ಓಡಿದರೆ ಬಬಲೇಶ್ವರ, ಟಿಕೋಟಾ ಸೀಮೆಯ ಕೆರೆಗಳೇ ಬ್ಯಾಟರಿ ಆಗುತ್ತವೆ.

ಒಂದು ತಕರಾರು ಇದೆ, ಮುಚ್ಚಿಡುವುದಿಲ್ಲ. ಬೇಸಿಗೆಯಲ್ಲಿ ಹೊಂಡದಿಂದ ದಿನಕ್ಕೆ ಒಂದು ಸೆಂಟಿಮೀಟರಿನ ಸುಮಾರು ನೀರು ಆವಿಯಾಗುತ್ತದೆ. ಬೋರಿನ ನೀರನ್ನು ಬೇಕಾಬಿಟ್ಟಿ ಎತ್ತಿ ಇಡುವುದು ಮಕ್ಕಳ ಗಂಟು ಬಿಚ್ಚಿ ಬಿಸಿಲಿಗೆ ಹರವಿದ ಹಾಗೆ. ಮಳೆ ನೀರು, ಕಾಲುವೆ ನೀರು ಮೊದಲು. ಬೋರಿನದು ವಾರಕ್ಕೆ ಬೇಕಾದಷ್ಟೇ.

ಏನು ಕೇಳಬೇಕು

ಒಂದು: ಬಿಸಿಲಿನ ಕರೆಂಟ್ ಹುಟ್ಟಿದ ಗಳಿಗೆಯಲ್ಲೇ ಖರ್ಚಾದರೆ ಎಲ್ಲಕ್ಕಿಂತ ಅಗ್ಗ, ಪೋಲೂ ಇಲ್ಲ. ಹಗಲಿನಲ್ಲಿ ಹಾಗೆ ಖರ್ಚು ಮಾಡಲು ನಮ್ಮ ಪಂಪುಗಳು ತಯಾರಿವೆ. ಆದ್ದರಿಂದ ಏಳು ತಾಸಿನ ಪಾಳಿ ಪೂರಾ ಹಗಲಿಗೆ ಬರಲಿ. 2019ರಲ್ಲಿ ಶುರುವಾದ ಕುಸುಮ್ ಯೋಜನೆಯಲ್ಲಿ ಪಂಪಿನ ಫೀಡರಿಗೇ ಸೋಲಾರ್ ಜೋಡಿಸುವ ಅವಕಾಶ ಇದೆ. ನಿಮ್ಮ ಫೀಡರ್ ಅದರಲ್ಲಿ ಸೇರಿದೆಯೋ ಇಲ್ಲವೋ ಸಬ್‌ಸ್ಟೇಷನ್ನಿಗೆ ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ಒಂದೇ ಟಿಸಿಯವರು ಕೂಡಿ ಹೋಗಿ.

ಎರಡು: ಸೋಲಾರಿಗೋ ಬ್ಯಾಟರಿಗೋ ಹೊಲ ಲಾವಣಿ ಕೇಳಿಕೊಂಡು ಬಂದರೆ ಅವಸರ ಮಾಡಬೇಡಿ. ಎಷ್ಟು ವರ್ಷ, ಬಾಡಿಗೆ ವರ್ಷ ವರ್ಷ ಏರುತ್ತದೋ, ಅವಧಿ ಮುಗಿದ ಮೇಲೆ ಕಾಂಕ್ರೀಟು ಕಿತ್ತು ನೆಲ ಸರಿ ಮಾಡಿ ಕೊಡುವವರು ಯಾರು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ.

ಮೂರು: ಬೆಂಕಿಯ ಮಾತು. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ 2025ರ ಜನವರಿಯಲ್ಲಿ ದೊಡ್ಡ ಬ್ಯಾಟರಿ ಘಟಕಕ್ಕೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಅದರಲ್ಲಿದ್ದದ್ದು ನಿಕ್ಕಲ್ ಇರುವ ಹಳೆಯ ಬಗೆ, ಒಂದೇ ಕಟ್ಟಡದೊಳಗೆ ಒತ್ತೊತ್ತಾಗಿ ಇಟ್ಟಿದ್ದರು. ಈಗ ಹೆಚ್ಚಾಗಿ ಬರುವ ಕಬ್ಬಿಣ-ಫಾಸ್ಫೇಟ್ ಬಗೆ ಅಷ್ಟು ಸುಲಭಕ್ಕೆ ಹೊತ್ತುವುದಿಲ್ಲ. ಆದರೂ ಯಾವ ಬಗೆ, ಊರಿನಿಂದ, ಬಣವಿಯಿಂದ ಎಷ್ಟು ದೂರ ಅಂತ ಕೇಳುವುದು ನಮ್ಮ ಹಕ್ಕು.

ಅಣ್ಣನ ಮಗನಿಗೆ ನಾನು ಹೇಳಿದ್ದು ಇಷ್ಟೇ: "ಪೇಟಿಯವರ ಸಂಜಿ ದೀಪಕ್ಕ ಬ್ಯಾಟರಿ ಬರ್ಲಿ, ಬೇಕಾದ್ದ. ಆದ್ರ ಅದು ಬಂದ ಮ್ಯಾಲ ನಮ್ಮನ್ನ ರಾತ್ರಿ ಎಬ್ಬಸೂದು ಬಿಡಬೇಕು." ಅವ ನಕ್ಕ. ಅವತ್ತಿನ ರಾತ್ರಿ ಪಾಳಿ ಮಾತ್ರ ಮತ್ತೆ ಎರಡಕ್ಕೇ ಇತ್ತು. ಇಬ್ಬರೂ ಕೈಬ್ಯಾಟರಿ ಹಿಡಿದು ಹೋದೆವು.