ದೊಡ್ಡ ಹುಣಸೆ: ಆಫ್ರಿಕದಿಂದ ಬಂದ ಅಪರೂಪದ ಮರ



ಅಮೃತೂರು ಹೋಬಳಿಯಲ್ಲಿ ಹುಣಸೆ ಮರವನ್ನು ಕಾಣದವರಿಲ್ಲ. ತಾತ ಮುತ್ತಾತಂದಿರು ಬೆಳೆಸಿದ ಈ ಮರ ನಮ್ಮ ನೆಲದ್ದೇ ಎಂದು ನಾವು ತಿಳಿದಿದ್ದೇವೆ. ಆದರೆ ಅದರ ತವರು ಆಫ್ರಿಕ ಖಂಡ. ಅಲ್ಲಿಂದಲೇ ಬಂದು ನಮ್ಮ ನಾಡಿನಲ್ಲಿ ನೆಲೆಸಿದ ಇನ್ನೊಂದು ಹುಳಿ ಹಣ್ಣಿನ ಮರವಿದೆ. ಅದೇ ಬಾವೊಬಾಬ್. ಹಾವೇರಿ ಜಿಲ್ಲೆಯ ಸವಣೂರಿನ ಮಠವೊಂದರ ಆವರಣದಲ್ಲಿ ಇಂಥ ಮೂರು ಮರಗಳು ಹೆಸರಾಗಿವೆ. ಅಲ್ಲಿಯ ಜನ ಇದನ್ನು ‘ದೊಡ್ಡ ಹುಣಸೆ’ ಎನ್ನುತ್ತಾರೆ. ಮಠಕ್ಕೂ ದೊಡ್ಡಹುಣಸೆ ಕಲ್ಮಠವೆಂದೇ ಹೆಸರು.

ಸಸ್ಯ ಪರಿಚಯ

ಹೆಸರು ಹುಣಸೆಯಾದರೂ ಇದು ಹುಣಸೆಯ ಕುಲದ್ದಲ್ಲ. ಹತ್ತಿ, ದಾಸವಾಳ, ಬೂರುಗಗಳ ಬಳಗಕ್ಕೆ ಸೇರಿದ್ದು. ಸಸ್ಯಶಾಸ್ತ್ರದಲ್ಲಿ ಅಡನ್ಸೋನಿಯಾ ಡಿಜಿಟಾಟ ಎನ್ನುತ್ತಾರೆ. 1749ರಲ್ಲಿ ಸೆನೆಗಾಲಿಗೆ ಹೋಗಿ ಈ ಮರವನ್ನು ಅಭ್ಯಾಸ ಮಾಡಿದ ಫ್ರಾನ್ಸಿನ ಅಡನ್ಸನ್‌ರವರ ನೆನಪಿಗೆ ಮೊದಲ ಹೆಸರು. ಎಲೆ ಬೆರಳು ಬಿಡಿಸಿದ ಅಂಗೈಯಂತಿರುವುದರಿಂದ ಎರಡನೆಯದು.

ಕಾಂಡ ಕಣಜದಂತೆ ಊದಿಕೊಂಡಿರುತ್ತದೆ. ಮೆದುವಾದ ಅದರ ಮರದಲ್ಲಿ ನೀರಿನಂಶ ಬಹಳ. ಬೇಸಿಗೆಯಲ್ಲಿ ಎಲೆ ಉದುರಿಸಿ ಬರವನ್ನು ತಡೆದುಕೊಳ್ಳುತ್ತದೆ. ಬಿಳಿಯ ದೊಡ್ಡ ಹೂಗಳು ಸಂಜೆ ಅರಳುತ್ತವೆ. ಪರಾಗಸ್ಪರ್ಶದ ಕೆಲಸವನ್ನು ಹೆಚ್ಚಾಗಿ ಬಾವಲಿಗಳು ಮಾಡುತ್ತವೆ. ಕಾಯಿಯ ಗಟ್ಟಿ ಕರಟದ ಮೇಲೆ ಮಖಮಲ್ಲಿನಂಥ ರೋಮವಿರುತ್ತದೆ. ಒಳಗೆ ಬೀಜದ ಸುತ್ತ ಸೀಮೆಸುಣ್ಣದಂತೆ ಪುಡಿಯಾಗುವ ಬಿಳಿ ತಿರುಳಿರುತ್ತದೆ.

ಉಪಯೋಗಗಳು

ಆಫ್ರಿಕದ ಒಣ ಪ್ರದೇಶದ ರೈತರು ಈ ಮರದ ಯಾವ ಭಾಗವನ್ನೂ ವ್ಯರ್ಥ ಮಾಡುವುದಿಲ್ಲ. ತಿರುಳನ್ನು ನೀರಿನಲ್ಲಿ ಕದಡಿ ಪಾನಕ ಮಾಡುತ್ತಾರೆ, ಗಂಜಿಗೆ ಬೆರೆಸುತ್ತಾರೆ. ಅದರಲ್ಲಿ ‘ಸಿ’ ಜೀವಸತ್ವ ಕಿತ್ತಳೆಗಿಂತ ಹೆಚ್ಚು. ಎಳೆಯ ಎಲೆ ಸೊಪ್ಪಿನಂತೆ ಸಾರಿಗೆ ಬರುತ್ತದೆ. ಒಣಗಿಸಿ ಪುಡಿ ಮಾಡಿಟ್ಟರೆ ಬೇಸಿಗೆಗೂ ಒದಗುತ್ತದೆ. ಬೀಜದಿಂದ ಎಣ್ಣೆ, ತೊಗಟೆಯ ನಾರಿನಿಂದ ಹಗ್ಗ, ಚಾಪೆ. ತೊಗಟೆ ಸುಲಿದರೂ ಮರ ಸಾಯದೆ ಹೊಸ ತೊಗಟೆ ಬೆಳೆಸಿಕೊಳ್ಳುತ್ತದೆ. ಭೇದಿ, ಜ್ವರಕ್ಕೆ ತಿರುಳು ಕೊಡುವ ವಾಡಿಕೆಯೂ ಅಲ್ಲಿದೆ. ಆದರೆ ಇದು ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ.

ಬೆಳೆಸುವ ವಿಧಾನ

ಬೀಜದ ಸಿಪ್ಪೆ ಬಲು ಗಟ್ಟಿ. ಹಾಗೆಯೇ ಬಿತ್ತಿದರೆ ಮೊಳಕೆ ಬರುವುದು ಅಪರೂಪ. ಕುದಿಯುವ ನೀರನ್ನು ಒಲೆಯಿಂದಿಳಿಸಿ ಬೀಜದ ಮೇಲೆ ಸುರಿದು, ಒಂದು ದಿನ ನೆನೆಯಲು ಬಿಟ್ಟು, ಅನಂತರ ಮಣ್ಣು ಗೊಬ್ಬರ ತುಂಬಿದ ಚೀಲದಲ್ಲಿ ಬಿತ್ತಬೇಕು. ಎಳೆ ಸಸಿಯ ಎಲೆ ಬಿಡಿಯಾಗಿರುವುದರಿಂದ ಕಳೆಯೆಂದು ಕಿತ್ತುಬಿಡದಂತೆ ಎಚ್ಚರ ವಹಿಸಿ. ಮುಂಗಾರಿನಲ್ಲಿ, ನೀರು ನಿಲ್ಲದ ಜಾಗದಲ್ಲಿ ನೆಟ್ಟು, ದನ ಮೇಕೆಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ. ಮನೆ, ಬಾವಿಗಳಿಂದ ದೂರವಿರಲಿ.

ಬೀಜದ ಗಿಡ ಕಾಯಿ ಬಿಡಲು ಹದಿನೈದು ಇಪ್ಪತ್ತು ವರ್ಷಗಳೇ ಬೇಕಾದೀತು. ಆದ್ದರಿಂದ ಆದಾಯದ ಆಸೆಯಿಂದ ತೋಟವನ್ನೇ ಹಾಕುವುದು ಸಲ್ಲದು. ಶಾಲೆಯ ಬಯಲಿನಲ್ಲೋ ಗೋಮಾಳದಲ್ಲೋ ಊರಿಗೊಂದು ಮರ ಸಾಕು.

ಸವಣೂರಿನ ಪಾಠ

2023ರ ಜುಲೈ ತಿಂಗಳ ಮಳೆಯಲ್ಲಿ ಸವಣೂರಿನ ಮೂರು ಮರಗಳಲ್ಲಿ ಒಂದು ಬುಡಸಹಿತ ಉರುಳಿತು. ಯಂತ್ರಗಳ ನೆರವಿನಿಂದ ಎತ್ತಿ ಅದನ್ನು ಮತ್ತೆ ನೆಡಲಾಯಿತು. ಬೇರು ನೆಲ ಹಿಡಿದರೆ ಬಿದ್ದ ಮೇಲೂ ಚಿಗುರುವ ಗುಣ ಈ ಜಾತಿಗಿದೆ. ನಮ್ಮ ಹುಣಸೆಗೆ ಅಂಥ ಭಾಗ್ಯ ಸುಲಭವಾಗಿ ದೊರೆಯದು. ರಸ್ತೆ ಅಗಲ ಮಾಡುವಾಗಲೋ ಇಟ್ಟಿಗೆ ಗೂಡಿಗೆ ಸೌದೆ ಬೇಕಾದಾಗಲೋ ಕಡಿದ ಮರವನ್ನು ಯಾರೂ ತಿರುಗಿ ನಿಲ್ಲಿಸಲಾರರು. ನಿಮ್ಮ ಬದುವಿನ ಹಳೆಯ ಹುಣಸೆಯ ಬುಡಕ್ಕೆ ಸಿಮೆಂಟು ಹಾಕಬೇಡಿ, ಕಸ ಸುಡಬೇಡಿ, ಬೇರು ಕಡಿಯುವಂತೆ ಹತ್ತಿರದಲ್ಲಿ ಕಾಲುವೆ ತೋಡಬೇಡಿ. ದೂರದಿಂದ ಬಂದ ಮರವನ್ನು ಹಿರಿಯರು ಉಳಿಸಿಕೊಟ್ಟರು. ಮುಂದಿನವರಿಗೆ ಉಳಿಸಿಕೊಡುವ ಸರದಿ ಈಗ ನಮ್ಮದು.